ಒಮಾನಿನ ಯಾವ ವಾದಿಗೆ ಈಜಲು ಹೋಗುವುದು: ಶಾಬ್, ಬನಿ ಖಾಲಿದ್, ತಿವಿ, ಇಲ್ಲವೇ ಸ್ನೇಕ್ ಕ್ಯಾನ್ಯನ್?

ವಾದಿ ಅಂದರೆ ಬೆಟ್ಟಗಳ ನಡುವೆ ನೀರು ಹರಿಯುವ ಕಣಿವೆ. ಮಸ್ಕತ್ತಿನಿಂದ ಒಂದು ದಿನದ ಬಿಡುವಿನಲ್ಲಿ ಹೋಗಿ ನೀರಿಗಿಳಿದು ಬರೋಣ ಅನ್ನುವವರ ಮುಂದೆ ಸಾಮಾನ್ಯವಾಗಿ ನಾಲ್ಕು ಹೆಸರು ಬಂದು ನಿಲ್ಲುತ್ತವೆ: ವಾದಿ ಶಾಬ್, ವಾದಿ ಬನಿ ಖಾಲಿದ್, ವಾದಿ ತಿವಿ, ಸ್ನೇಕ್ ಕ್ಯಾನ್ಯನ್. ಫೋಟೊದಲ್ಲಿ ನಾಲ್ಕೂ ಹೆಚ್ಚುಕಡಿಮೆ ಒಂದೇ. ಬೋಳು ಸುಣ್ಣಕಲ್ಲಿನ ಗೋಡೆ, ಅದರ ಬುಡದಲ್ಲಿ ಹಸಿರು ನೀರಿನ ಮಡು, ಅಲ್ಲಲ್ಲಿ ಖರ್ಜೂರದ ಮರ. ಹೋಗಿ ನಿಂತರೆ ಒಂದಕ್ಕೊಂದು ಹೋಲಿಕೆಯೇ ಇಲ್ಲ. ಒಂದರಲ್ಲಿ ಕಾರು ನಿಲ್ಲಿಸಿದ ಹತ್ತು ನಿಮಿಷಕ್ಕೆ ಕಾಲು ನೀರಿನಲ್ಲಿರುತ್ತದೆ. ಇನ್ನೊಂದರಲ್ಲಿ ಮುಕ್ಕಾಲು ಗಂಟೆ ಬಂಡೆ ಹತ್ತಿಳಿದ ಮೇಲಷ್ಟೇ ಈಜು. ಮತ್ತೊಂದರಲ್ಲಿ ಒಮ್ಮೆ ಒಳಗೆ ಧುಮುಕಿದರೆ ಬಂದ ದಾರಿಯಲ್ಲಿ ಹಿಂದಿರುಗುವ ಮಾತೇ ಇಲ್ಲ. ಹಾಗಾಗಿ ಯಾವುದು ಹೆಚ್ಚು ಚಂದ ಅನ್ನುವ ಚರ್ಚೆಯಿಂದ ಲಾಭವಿಲ್ಲ. ಬರುವವರು ಯಾರು, ಕೈಯಲ್ಲಿರುವ ಕಾರು ಯಾವುದು ಅನ್ನುವುದರಿಂದಲೇ ಅರ್ಧ ಉತ್ತರ ಸಿಗುತ್ತದೆ.

ಆಯ್ಕೆಗೆ ಮುನ್ನ ನೋಡಬೇಕಾದ್ದು

ಗುಂಪಿನಲ್ಲಿ ಎಲ್ಲರಿಗಿಂತ ಕಡಿಮೆ ಈಜು ಬರುವವರು ಯಾರು ಅನ್ನುವುದು ಮೊದಲ ಪ್ರಶ್ನೆ. ಚೆನ್ನಾಗಿ ಈಜುವವರನ್ನು ನೋಡಿ ಜಾಗ ಆರಿಸಿದರೆ ಉಳಿದವರು ಬಿಸಿಲಿನಲ್ಲಿ ಬ್ಯಾಗು ಕಾಯುತ್ತಾರೆ. ಇಲ್ಲವೇ ಹೇಳಲು ಸಂಕೋಚಪಟ್ಟು ಹಿಂದೆಯೇ ನೀರಿಗಿಳಿಯುತ್ತಾರೆ, ಅದು ಇನ್ನೂ ಕೆಟ್ಟದ್ದು. ಈಜುಕೊಳದಲ್ಲಿ ಎರಡು ಸುತ್ತು ಹೊಡೆಯುವುದೇ ಬೇರೆ, ಕಾಲಿಗೆ ನೆಲ ಸಿಗದ, ಹಿಡಿಯಲು ಅಂಚಿಲ್ಲದ ಮಡುವಿನಲ್ಲಿ ಐವತ್ತು ಮೀಟರ್ ಸಾಗುವುದೇ ಬೇರೆ. ಇದು ಸಿಹಿನೀರು. ಸಮುದ್ರದ ಉಪ್ಪುನೀರಿನಷ್ಟು ಮೈಯನ್ನು ಎತ್ತಿ ಹಿಡಿಯುವುದಿಲ್ಲ.

ನಡಿಗೆಯ ವಿಷಯದಲ್ಲಿ ದೂರಕ್ಕಿಂತ ನೆರಳು ಮುಖ್ಯ. ಅಕ್ಟೋಬರಿನಿಂದ ಏಪ್ರಿಲ್‌ವರೆಗೆ ಹಗಲಿನಲ್ಲೂ ನಡೆಯಬಹುದು. ಜೂನ್, ಜುಲೈನಲ್ಲಿ ಉಷ್ಣಾಂಶ 40 ಡಿಗ್ರಿ ದಾಟಿರುತ್ತದೆ, ಇಕ್ಕೆಲದ ಕಲ್ಲಿನ ಗೋಡೆಯೂ ಕಾವು ಕಾರುತ್ತದೆ. ಆಗ ಮೂರು ಕಿಲೋಮೀಟರ್ ಕೂಡ ದೊಡ್ಡ ದೂರವೇ.

ಕಾರಿನ ಲೆಕ್ಕ ಸುಲಭ. ಶಾಬ್‌ಗೂ ಬನಿ ಖಾಲಿದ್‌ಗೂ ಟಾರು ರಸ್ತೆ ಇದೆ, ಬಾಡಿಗೆಯ ಸಣ್ಣ ಕಾರು ಸಾಕು. ತಿವಿಯ ಒಳಭಾಗಕ್ಕೆ ಫೋರ್ ವೀಲ್ ಡ್ರೈವ್ ಇದ್ದರೆ ಒಳ್ಳೆಯದು, ಸ್ನೇಕ್ ಕ್ಯಾನ್ಯನ್‌ಗೆ ಅದಿಲ್ಲದೆ ಆಗದು. ಬಾಡಿಗೆ ಕಾರಿನ ವಿಮೆ ಟಾರು ಬಿಟ್ಟು ಇಳಿದ ರಸ್ತೆಗೆ ಅನೇಕ ವೇಳೆ ಅನ್ವಯಿಸುವುದಿಲ್ಲ. ಸಹಿ ಹಾಕುವ ಮುನ್ನ ಆ ಒಂದು ಸಾಲನ್ನು ಹುಡುಕಿ ಓದಿ.

ಒಮಾನಿನಲ್ಲಿ ವಾರದ ರಜೆ ಶುಕ್ರವಾರ ಮತ್ತು ಶನಿವಾರ. ಆ ಎರಡು ದಿನ ಶಾಬ್‌ನ ದೋಣಿಗೆ ಸಾಲು, ಬನಿ ಖಾಲಿದ್‌ನಲ್ಲಿ ಕಾರು ನಿಲ್ಲಿಸಲು ಜಾಗವಿಲ್ಲ. ಭಾನುವಾರದಿಂದ ಗುರುವಾರದವರೆಗಿನ ಯಾವ ದಿನವಾದರೂ ಇದಕ್ಕಿಂತ ಮೇಲು.

ಹಣದ ಮಾತು ಕೊನೆಗೆ ಬಂದರೂ ನಡೆಯುತ್ತದೆ, ಏಕೆಂದರೆ ನೀರಿಗಿಳಿಯುವುದಕ್ಕಾಗಿ ಕೊಡಬೇಕಾದ್ದು ಬಹಳ ಕಡಿಮೆ. ಖರ್ಚೆಲ್ಲ ಕಾರು ಮತ್ತು ಪೆಟ್ರೋಲಿನದು. ಸಣ್ಣ ಕಾರಿನ ಬಾಡಿಗೆ ಋತು ನೋಡಿಕೊಂಡು ದಿನಕ್ಕೆ 10ರಿಂದ 15 ರಿಯಾಲ್ ಆಸುಪಾಸು, ದೊಡ್ಡ ಗಾಡಿಗೆ ಅದರ ಎರಡು ಮೂರು ಪಟ್ಟು. ಪೆಟ್ರೋಲ್ ಲೀಟರಿಗೆ ಸುಮಾರು 230ರಿಂದ 240 ಬೈಸ (1 ರಿಯಾಲ್‌ಗೆ 1000 ಬೈಸ). ಟ್ಯಾಕ್ಸಿ ಲಾಭವಲ್ಲ. ನಾಲ್ಕು ಗಂಟೆ ಕಾಯಿಸುವ ಬಾಡಿಗೆಯೂ ಸೇರಿಕೊಳ್ಳುತ್ತದೆ, ವಾದಿಯ ಬಾಯಲ್ಲಿ ವಾಪಸು ಹೋಗಲು ಬೇರೆ ಟ್ಯಾಕ್ಸಿ ಸಿಗುವ ಭರವಸೆಯೂ ಇಲ್ಲ.

ವಾದಿ ಶಾಬ್

ಮಸ್ಕತ್–ಸೂರ್ ಹೆದ್ದಾರಿಯಲ್ಲಿ ಸುಮಾರು 150 ಕಿ.ಮೀ., ಒಂದೂ ಮುಕ್ಕಾಲು ಗಂಟೆಯ ಹಾದಿ. ತಿವಿ ಊರಿನ ಹತ್ತಿರ ಹೆದ್ದಾರಿಯ ದೊಡ್ಡ ಸೇತುವೆಯ ಕೆಳಗೇ ಕಾರು ನಿಲ್ಲಿಸುವ ಜಾಗ. ಶೌಚಾಲಯ ಇರುವುದು ಇಲ್ಲಿ ಮಾತ್ರ, ಒಳಗೆ ಏನೂ ಇಲ್ಲ, ಅಂಗಡಿಯೂ ಇಲ್ಲ. ಕಣಿವೆಯ ಬಾಯಲ್ಲಿ ನಿಂತ ನೀರನ್ನು ದಾಟಲು ದೋಣಿ ಬೇಕು. ಹೋಗಿ ಬರಲು ತಲೆಗೆ 1 ರಿಯಾಲ್, ನಗದು. ಒಂದೆರಡು ನಿಮಿಷದ ದಾರಿ ಅಷ್ಟೆ. ಆದರೆ ಸಂಜೆ ದೋಣಿ ನಿಂತ ಮೇಲೆ ಬಂದರೆ ಬ್ಯಾಗು ಎತ್ತಿ ಹಿಡಿದು ಈಜಬೇಕಾಗುತ್ತದೆ. ಹತ್ತುವಾಗಲೇ ದೋಣಿಯವರನ್ನು ಕೊನೆಯ ಸರದಿ ಎಷ್ಟು ಹೊತ್ತಿಗೆ ಎಂದು ಕೇಳಿಬಿಡಿ.

ಆಚೆ ದಡದಿಂದ 40–45 ನಿಮಿಷದ ನಡಿಗೆ. ಮೊದಲ ಭಾಗ ತೋಟಗಳ ಬದಿಯಲ್ಲಿ ಸಮತಟ್ಟು. ಆಮೇಲೆ ಬಂಡೆಗಳ ನಡುವೆ ಹತ್ತಿಳಿಯಬೇಕು, ಕೆಲವೆಡೆ ಗೋಡೆಗೆ ಅಂಟಿದ ಕಿರುದಾರಿ, ಕೆಲವೆಡೆ ಫಲಜ್ ಎಂಬ ಸಾಂಪ್ರದಾಯಿಕ ನೀರಾವರಿ ಕಾಲುವೆಯ ಅಂಚು. ಇಲ್ಲಿ ಜನ ಬೀಳುವುದು ಕಡಿದಾದ ಜಾಗದಲ್ಲಲ್ಲ, ಸಾವಿರಾರು ಕಾಲು ತುಳಿದು ನುಣುಪಾದ ಸುಣ್ಣಕಲ್ಲಿನ ಮೇಲೆ. ಅದರಲ್ಲೂ ಹಿಂದಿರುಗುವಾಗ. ಚಪ್ಪಲಿ ಒದ್ದೆ, ಕಾಲು ಸೋತಿರುತ್ತದೆ. ಒಣಗಿ ಬಿಳಿಚಿದ, ತರಿತರಿಯಾದ ಕಲ್ಲು ನೋಡಿ ಹೆಜ್ಜೆ ಇಡಿ. ಕಪ್ಪು ಹಸಿರಾಗಿ ಹೊಳೆಯುವುದನ್ನು ತುಳಿಯಬೇಡಿ, ಅದು ಪಾಚಿ.

ನಡಿಗೆ ಮುಗಿಯುವಲ್ಲಿ ಬ್ಯಾಗುಗಳನ್ನು ಬಂಡೆಯ ಮೇಲೆ ಬಿಟ್ಟು ನೀರಿಗಿಳಿಯುತ್ತಾರೆ. ಒಂದರ ಹಿಂದೊಂದು ಮಡು. ನಡುನಡುವೆ ನಿಲ್ಲಬಹುದಾದ ಗೊರಜಿನ ದಿಬ್ಬಗಳು ಸಿಗುತ್ತವೆ, ಆದರೆ ಕಾಲು ನೆಲ ಮುಟ್ಟದ ಭಾಗಗಳೂ ಇವೆ. ಕೊನೆಯಲ್ಲಿ ಎರಡು ಬಂಡೆಗಳ ನಡುವೆ ತಲೆ ಮಾತ್ರ ತೂರುವಷ್ಟು ಸೀಳು. ನೀರು ಗಲ್ಲದವರೆಗೆ ಬರುತ್ತದೆ. ಮುಖ ಮೇಲೆತ್ತಿ, ಎರಡೂ ಅಂಗೈ ಗೋಡೆಗೆ ಊರಿ, ಕಾಲು ಮೆಲ್ಲಗೆ ಆಡಿಸುತ್ತಾ ಸಾಗಿದರೆ ಕೆಲವೇ ಮೀಟರುಗಳಲ್ಲಿ ಅದು ಗುಹೆಯೊಳಕ್ಕೆ ತೆರೆದುಕೊಳ್ಳುತ್ತದೆ. ಒಳಗೆ ಪುಟ್ಟ ಜಲಪಾತ, ಮೇಲಿನ ಬಿರುಕಿನಿಂದ ಬೀಳುವ ಬೆಳಕು, ಹತ್ತಲು ಒಂದು ಹಗ್ಗ. ಶಾಬ್‌ಗೆ ಬರುವವರಲ್ಲಿ ಬಹಳ ಮಂದಿ ಬರುವುದು ಇದಕ್ಕೇ. ಆದರೆ ಸೀಳಿನ ಎದುರು ಬಂದು ನಿಂತಾಗ ಗಾಬರಿ ಅನಿಸಿದರೆ ಹಿಂದಿರುಗಿ, ಅಲ್ಲಿ ಯಾರೂ ನಗುವುದಿಲ್ಲ. ಮಳೆಯಾದ ಮೇಲೆ ನೀರು ಏರಿ ಉಸಿರಾಡುವ ಸಂದು ಮುಚ್ಚಿಹೋಗಿದ್ದರೆ ಮುಳುಗಿ ದಾಟುವ ಸಾಹಸ ಬೇಡ. ಲೈಫ್ ಜಾಕೆಟ್ ತೊಟ್ಟವರಿಗೆ ಮಡುಗಳೆಲ್ಲ ಸಲೀಸು, ಈ ಸೀಳು ಮಾತ್ರ ಇಕ್ಕಟ್ಟು.

ಎತ್ತರದ ಬಂಡೆಯಿಂದ ನೀರಿಗೆ ಹಾರುವ ಸ್ಪರ್ಧೆಯಾದ ರೆಡ್ ಬುಲ್ ಕ್ಲಿಫ್ ಡೈವಿಂಗ್‌ನ 2012ರ ಸರಣಿಯ ಅಂತಿಮ ಸುತ್ತು ನಡೆದದ್ದು ಇದೇ ಕಣಿವೆಯಲ್ಲಿ. ಅದನ್ನು ನೋಡಿ ಹಾರುವ ಆಸೆ ಹುಟ್ಟಿದವರು ತಿಳಿಯಬೇಕಾದ್ದು ಇಷ್ಟು: ಪ್ರತಿ ಪ್ರವಾಹವೂ ತಳದ ಗೊರಜನ್ನು ಎಳೆದು ಬೇರೆಡೆ ಹಾಕುತ್ತದೆ. ಹೋದ ವರ್ಷದ ವಿಡಿಯೊದಲ್ಲಿ ಆಳವಿದ್ದ ಜಾಗದಲ್ಲಿ ಈಗ ಬಂಡೆ ಇರಬಹುದು. ಮೊದಲು ಇಳಿದು, ಮುಳುಗಿ ನೋಡದೆ ಎಲ್ಲಿಂದಲೂ ಹಾರಬೇಡಿ.

ಒಟ್ಟು ಮೂರೂವರೆಯಿಂದ ನಾಲ್ಕು ಗಂಟೆ ಬೇಕು. ಮಧ್ಯಾಹ್ನ ಒಂದಕ್ಕೆ ಬಂದಿಳಿದವರು ಚಳಿಗಾಲದ ಬೇಗ ಮುಳುಗುವ ಸೂರ್ಯನ ಜೊತೆ ಪಂದ್ಯಕ್ಕೆ ನಿಂತಂತೆ. ಏಳೆಂಟು ವರ್ಷದೊಳಗಿನ ಮಕ್ಕಳಿಗೂ, ಮೊಣಕಾಲು ನೋವಿನವರಿಗೂ ಶಾಬ್ ತಕ್ಕದ್ದಲ್ಲ.

ವಾದಿ ಬನಿ ಖಾಲಿದ್

ಮಸ್ಕತ್ತಿನಿಂದ 200 ಕಿ.ಮೀ. ಮೀರಿದ ದೂರ, ಇಬ್ರಾ ಮಾರ್ಗವಾಗಿ ಎರಡೂವರೆಯಿಂದ ಮೂರು ಗಂಟೆ. ಅಷ್ಟು ದೂರ ಹೋದದ್ದಕ್ಕೆ ಸಿಗುವುದು ಸಲೀಸುತನ. ಕಾರಿನಿಂದ ಕಾಲುವೆಯ ಪಕ್ಕದ ಕಾಂಕ್ರೀಟು ದಾರಿಯಲ್ಲಿ ಸುಮಾರು ಹತ್ತು ನಿಮಿಷ ನಡೆದರೆ ದೊಡ್ಡ ಕೊಳ. ಪಕ್ಕದಲ್ಲೇ ಹೋಟೆಲು, ಶೌಚಾಲಯ, ಕೂರಲು ನೆರಳು. ವರ್ಷವಿಡೀ ನೀರಿರುತ್ತದೆ. ಈಜು ಬಾರದವರು ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತರೆ ಸಣ್ಣ ಮೀನುಗಳು ಬಂದು ಪಾದ ಕಚ್ಚಿ ಕಚಗುಳಿ ಇಡುತ್ತವೆ. ಮಕ್ಕಳಿಗೆ ಅದೇ ಅರ್ಧ ದಿನದ ಆಟ.

ಸುಲಭದ ಜಾಗ ಅನ್ನುವುದೇ ಇಲ್ಲಿನ ಅಪಾಯ ಕೂಡ. ದಡದಿಂದ ಎರಡು ಹೆಜ್ಜೆಗೆ ಸೊಂಟದ ನೀರು, ಮೂರನೆಯದಕ್ಕೆ ನೆಲವೇ ಇಲ್ಲ ಅನ್ನುವಂಥ ಜಾಗಗಳಿವೆ, ಹಸಿರು ನೀರಿನಲ್ಲಿ ಅದು ಮೇಲಿನಿಂದ ಕಾಣುವುದಿಲ್ಲ. ಊಟ ಬಿಚ್ಚುವ ಹೊತ್ತಿನಲ್ಲಿ ಮಕ್ಕಳ ಮೇಲೆ ಯಾರ ಕಣ್ಣೂ ಇರುವುದಿಲ್ಲ. ಒಬ್ಬ ದೊಡ್ಡವರು ನೀರಿನ ಬದಿಯಲ್ಲೇ ಇರಲಿ, ಮಕ್ಕಳಿಗೆ ತೋಳಿನ ಗಾಳಿಪಟ್ಟಿಯ ಬದಲು ಜಾಕೆಟ್ಟೇ ಹಾಕಿ.

ಗದ್ದಲ ಬೇಡವೆನ್ನುವವರು ದೊಡ್ಡ ಕೊಳದ ಬಳಿ ನಿಲ್ಲದೆ ಮೇಲಕ್ಕೆ ನಡೆಯಬೇಕು. ಕಣಿವೆ ಕಿರಿದಾಗುತ್ತಾ ಬಂಡೆಗಳ ನಡುವೆ ಚಿಕ್ಕ ಚಿಕ್ಕ ಮಡುಗಳು ಸಿಗುತ್ತವೆ, ಇಪ್ಪತ್ತು ನಿಮಿಷದಲ್ಲಿ ಮುಕಲ್ ಗುಹೆ. ಗುಹೆಗೆ ಟಾರ್ಚು ಬೇಕು, ಬಾಗಿ ತೆವಳಬೇಕು, ಒಳಗೆ ಸೆಕೆ. ಟಾರ್ಚು ತಾರದವರು ಬಾಯಿಯವರೆಗೆ ಹೋಗಿ ಬಂದರೆ ನಷ್ಟವೇನಿಲ್ಲ.

ವಾದಿ ತಿವಿ

ಶಾಬ್‌ನ ಪಕ್ಕದ ಕಣಿವೆ, ನಡುವೆ ಕೆಲವೇ ಕಿಲೋಮೀಟರು. ವ್ಯತ್ಯಾಸ ಏನೆಂದರೆ ಇಲ್ಲಿ ರಸ್ತೆಯೇ ಕಣಿವೆಯೊಳಕ್ಕೆ ಹೋಗುತ್ತದೆ. ಖರ್ಜೂರ, ಬಾಳೆ ತೋಟಗಳ ಗೋಡೆಗಳ ನಡುವೆ ಒಂದೇ ಗಾಡಿ ಹಿಡಿಸುವ ಅಗಲ. ಎದುರಿಗೆ ಗಾಡಿ ಬಂದರೆ ಯಾರಾದರೊಬ್ಬರು ಕಡಿದಾದ ತಿರುವಿನಲ್ಲಿ ಹಿಂದಕ್ಕೆ ಹೋಗಬೇಕು, ಸಾಮಾನ್ಯವಾಗಿ ಹೊರಗಿನಿಂದ ಬಂದವರೇ. ರಿವರ್ಸ್ ಗೇರಿನಲ್ಲಿ ಕೈ ಪಳಗದವರು ಕೆಳಗೇ ನಿಲ್ಲಿಸಿ ನಡೆಯುವುದು ಲೇಸು.

ರಸ್ತೆಯ ಕೊನೆಯ ಭಾಗದ ಮಿಬಾಮ್ ಊರಿನಿಂದ ತೋಟದೊಳಗೆ ಹಾದು ಕೆಳಗಿಳಿದರೆ ಮಡು, ಜಲಪಾತ. ಇಳಿಜಾರು ಕಡಿದು, ಕೆಸರು, ಕೆಲವೆಡೆ ಹಗ್ಗ ಹಿಡಿದೇ ಇಳಿಯಬೇಕು. ಆ ಹಗ್ಗ ಎಷ್ಟು ವರ್ಷದ್ದೋ ಯಾರಿಗೂ ಗೊತ್ತಿಲ್ಲ, ಮೈಭಾರ ಬಿಡುವ ಮುನ್ನ ಎರಡು ಸಲ ಜಗ್ಗಿ ನೋಡಿ. ಊರ ಹುಡುಗರು ದಾರಿ ತೋರಿಸುತ್ತೇವೆ ಎಂದು ಬಂದರೆ ಒಪ್ಪಿಕೊಳ್ಳುವುದು ತಪ್ಪಲ್ಲ. ಹಣದ ಮಾತು ಮೊದಲೇ ಆಗಿರಲಿ.

ತಿವಿಯ ಸೊಗಸು ಅದರ ಮೌನ. ಶಾಬ್‌ನ ಜನಜಂಗುಳಿ ಇಲ್ಲಿಗೆ ಬರುವುದಿಲ್ಲ. ಆದರೆ ಇದು ಜನ ಬಾಳುವ ಊರು. ಇಲ್ಲಿನ ಕಾಲುವೆಯ ನೀರೇ ಅವರ ತೋಟಕ್ಕೆ. ಸೋಪು, ಶಾಂಪೂ, ಪಾತ್ರೆ ತೊಳೆಯುವುದು ಯಾವುದೂ ಸಲ್ಲದು, ತೋಟದ ಹಣ್ಣಿಗೆ ಕೈ ಹಾಕುವುದೂ ಸಲ್ಲದು. ಹೆಂಗಸರ, ಮನೆಗಳ ಫೋಟೊ ಕೇಳದೆ ತೆಗೆಯಬೇಡಿ.

ಸ್ನೇಕ್ ಕ್ಯಾನ್ಯನ್

ಇದು ಬೇರೆಯದೇ ಜಾತಿ. ಹಜರ್ ಪರ್ವತದ ರುಸ್ತಾಕ್ ಕಡೆಯ ವಾದಿ ಬನಿ ಔಫ್‌ನಲ್ಲಿರುವ ಕಿರಿದಾದ ಸೀಳುಗಣಿವೆ. ಹಾರುವುದು, ಜಾರುವುದು, ಕತ್ತಲ ಇಕ್ಕಟ್ಟಿನಲ್ಲಿ ಈಜುವುದು, ಹೀಗೆ ಮೂರು ನಾಲ್ಕು ಗಂಟೆ. ಹತ್ತಿದ ಕಡೆಯೇ ಇಳಿಯುವ ಪ್ರವಾಸ ಇದಲ್ಲ. ಆರಂಭ ಒಂದು ಕಡೆ, ಅಂತ್ಯ ಇನ್ನೊಂದು ಕಡೆ, ಆದ್ದರಿಂದ ಎರಡು ಗಾಡಿಗಳ ವ್ಯವಸ್ಥೆ ಬೇಕು. ಮೊದಲ ಜಿಗಿತಗಳ ನಂತರ ಹಿಂದಿರುಗುವ ದಾರಿ ಇರುವುದಿಲ್ಲ. ಹೆಲ್ಮೆಟ್ ಬೇಕೇ ಬೇಕು. ಬಿಸಿಲು ಒಳಗೆ ಇಳಿಯದ ಕಾರಣ ಚಳಿಗಾಲದಲ್ಲಿ ನೀರು ಮೈ ಕೊರೆಯುತ್ತದೆ, ವೆಟ್‌ಸೂಟ್ ಇಲ್ಲದೆ ಅರ್ಧ ದಾರಿಗೆ ಕೈ ಮರಗಟ್ಟುತ್ತದೆ.

ಮಾರ್ಗದರ್ಶಕರಿಲ್ಲದೆ ಹೋಗಬೇಡಿ. ಉಳಿದ ಮೂರರಲ್ಲಿ ಉಳಿಸಿದ ಹಣವನ್ನು ಇಲ್ಲಿ ಉಳಿಸಲು ಹೊರಡುವವರು ಲೆಕ್ಕ ತಪ್ಪಿದಂತೆ. ಗಾಡಿ, ಸಲಕರಣೆ, ಮಾರ್ಗದರ್ಶಕ ಎಲ್ಲ ಸೇರಿ ತಲೆಗೆ ಹತ್ತಾರು ರಿಯಾಲ್ ಆಗುತ್ತದೆ. ಯಾರನ್ನು ಆರಿಸಬೇಕೆಂಬ ಗೊಂದಲವಿದ್ದರೆ ಒಂದು ಪ್ರಶ್ನೆ ಕೇಳಿ: ಬೆಳಿಗ್ಗೆ ಬೆಟ್ಟದ ಮೇಲೆ ಮೋಡ ಕಂಡರೆ ಏನು ಮಾಡುತ್ತೀರಿ? ರದ್ದು ಮಾಡಿ ಹಣ ಹಿಂದಿರುಗಿಸುತ್ತೇವೆ ಅಥವಾ ದಿನ ಬದಲಿಸುತ್ತೇವೆ ಎಂದವರ ಜೊತೆ ಹೋಗಬಹುದು. ನೋಡೋಣ ಎಂದವರ ಜೊತೆ ಬೇಡ.

ಮಳೆಯ ಲೆಕ್ಕ

ಮೋಡದ ಮಾತು ನಾಲ್ಕಕ್ಕೂ ಸೇರಿದ್ದು. ಹಜರ್ ಬೆಟ್ಟಗಳಲ್ಲಿ ಮಣ್ಣೂ ಕಡಿಮೆ, ಮರವೂ ಕಡಿಮೆ. ಬಿದ್ದ ಮಳೆ ಇಂಗದೆ ಬೋಳು ಬಂಡೆಯ ಮೇಲಿನಿಂದ ನೇರ ವಾದಿಗೆ ಇಳಿಯುತ್ತದೆ. ಹತ್ತಾರು ಕಿಲೋಮೀಟರ್ ಆಚೆ ಸುರಿದ ಮಳೆಯ ನೀರು, ನೀವು ಈಜುತ್ತಿರುವ ಜಾಗದಲ್ಲಿ ನೀಲಿ ಆಕಾಶ ಇರುವಾಗಲೇ ಬಂದು ಮುಟ್ಟಬಹುದು. 2024ರ ಏಪ್ರಿಲ್‌ನ ಪ್ರವಾಹದಲ್ಲಿ ಉತ್ತರ ಶರ್ಕಿಯಾ ಭಾಗದಲ್ಲಿ ಶಾಲಾಮಕ್ಕಳಿದ್ದ ವಾಹನವೇ ಕೊಚ್ಚಿಹೋಯಿತು.

ತಿಳಿನೀರು ಕದಡಿತು, ಕಡ್ಡಿ ಎಲೆ ತೇಲಿ ಬಂತು, ಮೇಲಿನಿಂದ ಗುಡುಗಿನಂಥ ಮೊರೆತ ಕೇಳಿತು ಅಂದರೆ ಚಪ್ಪಲಿ ಹುಡುಕುತ್ತಾ ನಿಲ್ಲಬೇಡಿ. ಕಣಿವೆಯುದ್ದಕ್ಕೂ ಕೆಳಕ್ಕೆ ಓಡುವುದೂ ಬೇಡ, ನೀರು ನಿಮಗಿಂತ ವೇಗ. ಹತ್ತಿರದ ಎತ್ತರಕ್ಕೆ ಏರಿ. ಗೋಡೆಯ ಮೇಲೆ ಹಿಂದಿನ ಪ್ರವಾಹ ಬಿಟ್ಟ ಕಸದ ಗೆರೆ ಕಾಣುತ್ತದೆ, ಅದಕ್ಕಿಂತ ಮೇಲಿರಬೇಕು. ಹರಿಯುವ ವಾದಿಯನ್ನು ಗಾಡಿಯಲ್ಲಿ ದಾಟುವುದು ಒಮಾನಿನಲ್ಲಿ ಶಿಕ್ಷಾರ್ಹ ಅಪರಾಧ. ತುರ್ತು ಸಹಾಯಕ್ಕೆ ಪೊಲೀಸ್ ಸಂಖ್ಯೆ 9999. ಕಣಿವೆಯ ಒಳಗೆ ಮೊಬೈಲ್ ಸಿಗ್ನಲ್ ನಂಬಬೇಡಿ. ಹಿಂದಿರುಗುವ ಸಮಯವನ್ನು ಹೊರಗಿರುವ ಒಬ್ಬರಿಗೆ ತಿಳಿಸಿ ಹೋಗಿ. ಮುನ್ನೆಚ್ಚರಿಕೆ ಬಂದ ದಿನ ಮಸ್ಕತ್ತಿನಲ್ಲೇ ಉಳಿಯುವುದೊಂದೇ ದಾರಿ. ಬದಲಿ ವಾದಿ ಹುಡುಕಬೇಡಿ.

ಬ್ಯಾಗಿನಲ್ಲಿ

ತಲೆಗೆ 3 ಲೀಟರ್ ಕುಡಿಯುವ ನೀರು, 10ರಿಂದ 15 ಲೀಟರಿನ ಡ್ರೈಬ್ಯಾಗು (ನೀರು ಒಳಹೋಗದ ಚೀಲ), ಹಿಂದೆ ಪಟ್ಟಿಯಿರುವ ರಬ್ಬರ್ ಅಟ್ಟೆಯ ಸ್ಯಾಂಡಲ್. ಹವಾಯಿ ಚಪ್ಪಲಿ ಮೊದಲ ಮಡುವಿನಲ್ಲೇ ತೇಲಿಹೋಗುತ್ತದೆ, ಓಟದ ಶೂ ನೀರು ಕುಡಿದು ಕಲ್ಲಿನಷ್ಟು ಭಾರವಾಗುತ್ತದೆ. ಗಂಡಸರು ಮೊಣಕಾಲು ಮುಚ್ಚುವ ಚಡ್ಡಿ, ಹೆಂಗಸರು ಟಿ-ಶರ್ಟು ಲೆಗ್ಗಿಂಗ್ಸ್ ತೊಟ್ಟರೆ ಯಾರ ಕಣ್ಣಿಗೂ ಕಿರಿಕಿರಿಯಾಗದು. ಬನಿ ಖಾಲಿದ್‌ನಲ್ಲಿ ಈ ಬಗ್ಗೆ ಫಲಕವೇ ಇದೆ. ರಂಜಾನ್ ತಿಂಗಳಲ್ಲಿ ಹಗಲು ಹೊತ್ತು ಬಹಿರಂಗವಾಗಿ ತಿನ್ನುವುದು, ಕುಡಿಯುವುದು ಸಲ್ಲದು. ಆ ತಿಂಗಳು ಶಾಬ್‌ನ ನಡಿಗೆ ಕಷ್ಟ.

ಹೆಚ್ಚಿನವರು ಮರೆಯುವುದು ಕಾರಿನ ಕೀಲಿಯನ್ನು. ಈಗಿನ ಕೀಲಿಯೊಳಗೆ ಎಲೆಕ್ಟ್ರಾನಿಕ್ ಚಿಪ್ಪಿದೆ. ಚಡ್ಡಿಯ ಜೇಬಿನಲ್ಲಿಟ್ಟು ನೀರಿಗಿಳಿದರೆ ಬಾಗಿಲೂ ತೆರೆಯದೆ, ಎಂಜಿನ್ನೂ ಏಳದೆ ಮಸ್ಕತ್ತಿನಿಂದ 150 ಕಿ.ಮೀ. ದೂರದಲ್ಲಿ ಸಿಕ್ಕಿಬೀಳುತ್ತೀರಿ. ಒಂದು ಜಿಪ್ ಚೀಲ, ಅದರ ಮೇಲೆ ಇನ್ನೊಂದು ಜಿಪ್ ಚೀಲ, ಆಮೇಲೆ ಡ್ರೈಬ್ಯಾಗು. ಬ್ಯಾಗಿನ ಬಾಯಿಯನ್ನು ಕನಿಷ್ಠ ಮೂರು ಸುತ್ತು ಮಡಚಿ, ಒಳಗೆ ಸ್ವಲ್ಪ ಗಾಳಿ ಬಿಡಿ, ತೇಲುತ್ತದೆ. ಹಿಂದಿನ ರಾತ್ರಿಯೇ ಬಕೆಟ್ಟಿನಲ್ಲಿ ಮುಳುಗಿಸಿ, ಒಳಗಿಟ್ಟ ಕಾಗದ ಒದ್ದೆಯಾಯಿತೇ ನೋಡಿಬಿಡಿ.

ಯಾರಿಗೆ ಯಾವುದು

ಮಕ್ಕಳು, ಹಿರಿಯರು, ಈಜು ಬಾರದವರು ಜೊತೆಗಿದ್ದರೆ ಬನಿ ಖಾಲಿದ್. ಹೋಗಿ ಬರಲು 420 ಕಿ.ಮೀ. ಎಂದುಕೊಂಡರೆ ಪೆಟ್ರೋಲಿಗೆ ಸುಮಾರು 8 ರಿಯಾಲ್, ದಿನ ಪೂರ್ತಿ ಹೋಗುತ್ತದೆ. ದೂರ ಹೆಚ್ಚಾಯಿತು ಎಂದು ಶಾಬ್‌ಗೆ ಕರೆದುಕೊಂಡು ಹೋಗಿ ದೋಣಿಕಟ್ಟೆಯಲ್ಲಿ ಅಜ್ಜಿಯನ್ನು ಕೂರಿಸುವುದು ಅನ್ಯಾಯ.

ಎಲ್ಲರೂ ಈಜುವವರೇ, ಇರುವುದು ಒಂದೇ ದಿನ, ಜೇಬು ಹಗುರ ಅಂದರೆ ಶಾಬ್. ನಾಲ್ವರು ಸೇರಿದರೆ ಕಾರು 15, ಪೆಟ್ರೋಲ್ 6, ದೋಣಿ 4, ಒಟ್ಟು 25 ರಿಯಾಲ್, ಅಂದರೆ ತಲೆಗೆ ಆರೂ ಚಿಲ್ಲರೆ. ಬೆಳಿಗ್ಗೆ ಆರಕ್ಕೆ ಹೊರಟರೆ ಎಂಟರ ಹೊತ್ತಿಗೆ ದೋಣಿ, ಹನ್ನೆರಡೂವರೆಗೆ ವಾಪಸು. ಹಿಂದಿರುಗುವಾಗ ದಾರಿಯಲ್ಲೇ ಸಿಗುವ ಬಿಮ್ಮಾ ಸಿಂಕ್‌ಹೋಲ್‌ನಲ್ಲಿ ಇಳಿಯಬಹುದು: ಉದ್ಯಾನದ ನಡುವೆ ಸುಣ್ಣಕಲ್ಲು ಕುಸಿದು ಆದ ಹೊಂಡ, ತಳದವರೆಗೆ ಮೆಟ್ಟಿಲು, ಪ್ರವೇಶ ಉಚಿತ. ಅದನ್ನು ಮೊದಲು ಮಾಡಲು ಹೋದರೆ ಶಾಬ್‌ನ ತಂಪು ಹೊತ್ತು ಕೈತಪ್ಪುತ್ತದೆ. ಶಾಬ್ ಮತ್ತು ತಿವಿ ಎರಡನ್ನೂ ಒಂದೇ ದಿನಕ್ಕೆ ತುರುಕಬೇಡಿ. ನಕ್ಷೆಯಲ್ಲಿ ಪಕ್ಕಪಕ್ಕ ಇದ್ದರೂ ದಣಿದ ಕಾಲಿನಲ್ಲಿ ಮಿಬಾಮ್‌ನ ಹಗ್ಗ ಹಿಡಿಯುವುದು ಜಾಣತನವಲ್ಲ. ಶಾಬ್ ಆಗಲೇ ನೋಡಿದವರಿಗೆ, ಗದ್ದಲ ಸಹಿಸದವರಿಗೆ ತಿವಿಯೇ ಒಂದು ದಿನ. ಸ್ನೇಕ್ ಕ್ಯಾನ್ಯನ್ ಮೈಕಟ್ಟು, ಧೈರ್ಯ, ಹಣ ಮೂರೂ ಇರುವ ನಾಲ್ಕೈದು ಜನರ ಗುಂಪಿಗೆ, ಅದೂ ಬೇರೊಂದು ವಾದಿಯಲ್ಲಿ ಒಟ್ಟಿಗೆ ಈಜಿ ಪರಸ್ಪರರ ಅಳತೆ ಗೊತ್ತಿದ್ದರೆ.

ಎರಡು ದಿನ ಸಿಕ್ಕವರು ಆರಿಸುವ ತಲೆನೋವನ್ನೇ ಬಿಡಬಹುದು. ಮೊದಲ ದಿನ ಶಾಬ್ ಮುಗಿಸಿ ಸೂರ್‌ನಲ್ಲಿ ರಾತ್ರಿ ತಂಗಿ, ಮರುದಿನ ಅಲ್ ಕಾಮಿಲ್ ಮಾರ್ಗವಾಗಿ ಬನಿ ಖಾಲಿದ್ ನೋಡಿಕೊಂಡು ಇಬ್ರಾ ಮೇಲೆ ಮಸ್ಕತ್ತಿಗೆ. ಪೂರ್ತಿ ಟಾರು ರಸ್ತೆ, ಸಣ್ಣ ಕಾರೇ ಸಾಕು. ಮೊದಲ ದಿನವನ್ನು ಗುರುವಾರಕ್ಕೆ ಇಟ್ಟುಕೊಳ್ಳಬೇಡಿ, ಬನಿ ಖಾಲಿದ್‌ಗೆ ನೀವು ಮುಟ್ಟುವುದು ಶುಕ್ರವಾರದ ಜಾತ್ರೆಗೆ.